ಹಿತ್ತಾಳೆಯಿಂದ ಸುತ್ತು ತಂತಿಗೆ

ಕಾವೇರಿಯ ಪ್ರವಾಹಕ್ಕೆ ಸಿಕ್ಕಿದ ಎಡತೊರೆಯ ಜನರಿಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹೊಸದಾಗಿ ಕಟ್ಟಿದ ಕೃಷ್ಣರಾಜನಗರವು ಸಂಗೀತದ ಮಟ್ಟಿಗೆ ಎರಡು ಕಡೆಗೆ ಕಿವಿಗೊಟ್ಟ ಊರು. ಒಂದು ಕಡೆ ಸುಮಾರು 40 ಕಿಲೋಮೀಟರ್ ದೂರದ ಮೈಸೂರು ಅರಮನೆಯ ವೀಣೆಯ ಪರಂಪರೆಯಿದ್ದರೆ, ಇನ್ನೊಂದು ಕಡೆ ಅದೇ ಹೊಳೆಯ ಮೇಲಿನ, ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರನ್ನು ಕೊಟ್ಟ, ಹಾಸನ ಜಿಲ್ಲೆಗೆ ಸೇರಿದ ರುದ್ರಪಟ್ಟಣವಿದೆ. ಈ ಸೀಮೆಯ ವಾದ್ಯಸಂಗೀತದಲ್ಲಿ ಕಳೆದ ಶತಮಾನದ ನಡುವೆ ಆದ ಬದಲಾವಣೆಗಳ ಪೈಕಿ ರಾಗ, ಕೃತಿ, ಬಾನಿಗಳ ವಿಚಾರವನ್ನು ಬರೆದವರು ಬಹಳ ಮಂದಿ; ತಂತಿಯ ಲೋಹ ಬದಲಾದುದನ್ನು ಕುರಿತು ಬರೆದವರು ಕಡಿಮೆ.

ಲೋಹದ ಈ ಬದಲಾವಣೆಯನ್ನು ಅರಿಯಲು ಜಾರಿಸಿ ನುಡಿಸುವ ವಾದ್ಯಗಳಿಂದ ಆರಂಭಿಸಬಹುದು. ಗಿಟಾರಿನ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಹವಾಯಿ ಪದ್ಧತಿಗೆ ನಮ್ಮಲ್ಲಿ ಅತ್ಯಂತ ಹತ್ತಿರದ ವಾದ್ಯವೆಂದರೆ ಗೋಟುವಾದ್ಯ, ಅಂದರೆ ಈಗ ಚಿತ್ರವೀಣೆಯೆಂದು ಕರೆಯಲಾಗುವ, ಮೆಟ್ಟುಗಳಿಲ್ಲದ ವೀಣೆ. ಬೆರಳಿನ ಬದಲು ಎಡಗೈಯಲ್ಲಿ ಹಿಡಿದ, ಗೋಟು ಎಂಬ ಮರದ ತುಂಡು ತಂತಿಯ ಮೇಲೆ ಜಾರುತ್ತಾ ಸ್ವರಸ್ಥಾನವನ್ನು ನಿರ್ಧರಿಸುತ್ತದೆ. ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದ ಗೋಟುವಾದ್ಯಂ ನಾರಾಯಣ ಅಯ್ಯಂಗಾರ್ (1903–1959) ಅವರ ಕೈಯಲ್ಲಿ ಈ ವಾದ್ಯವು ನುಡಿಸುವ ಮುಖ್ಯ ತಂತಿ, ತಾಳದ ತಂತಿ ಮತ್ತು ಅವುಗಳ ಕೆಳಗೆ ತಾವಾಗಿಯೇ ಮಿಡಿಯುವ ಅನುರಣನದ ತಂತಿಗಳೆಂಬ ಮೂರು ಪಂಕ್ತಿಗಳ ರೂಪವನ್ನು ಪಡೆದು ಪ್ರಸಿದ್ಧವಾಯಿತು. ಈಗ ಅದರ ಮೇಲೆ ಸಾಮಾನ್ಯವಾಗಿ ಇರುವ ತಂತಿಗಳ ಸಂಖ್ಯೆ ಸುಮಾರು 21. ಇಷ್ಟು ತಂತಿಗಳ ಬಿಗಿಯನ್ನು ಹೊರುವ ವಾದ್ಯಕ್ಕೆ ಯಾವ ಲೋಹವಾದರೂ ಆದೀತು ಎನ್ನುವಂತಿಲ್ಲ.

ಒಂದೇ ಲೋಹದ, ಒಂದೇ ಉದ್ದದ ತಂತಿಯ ದಪ್ಪವನ್ನು ಇಮ್ಮಡಿ ಮಾಡಿದರೆ, ಬಿಗಿ ಅಷ್ಟೇ ಇದ್ದಾಗ, ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಆದರೆ ತಂತಿ ಯಾವ ಸ್ವರಕ್ಕೆ ಏರಿಸಿದಾಗ ಕಡಿಯುತ್ತದೆ ಎಂಬುದಕ್ಕೂ ದಪ್ಪಕ್ಕೂ ಸಂಬಂಧವಿಲ್ಲದಿರುವುದು ಹೊಸಬರಿಗೆ ನಂಬಲು ಕಷ್ಟವಾದ ಮಾತು. ಅದು ಲೋಹದ ಗಟ್ಟಿತನ, ತೂಕ ಮತ್ತು ತಂತಿಯ ಉದ್ದಗಳನ್ನೇ ಅವಲಂಬಿಸಿದೆ. ಉಕ್ಕು ಹಿತ್ತಾಳೆಗಿಂತ ಹಗುರ ಮತ್ತು ಬಹಳ ಗಟ್ಟಿ. ಹೀಗಾಗಿ ವೀಣೆಯ ಮೇಲಿನ ಸ್ವರಗಳ ಸಾರಣಿ ಮತ್ತು ಪಂಚಮದ ತಂತಿಗಳು ಉಕ್ಕಿನವಾದುವು, ತಗ್ಗು ಸ್ವರಗಳ ಮಂದ್ರ ಮತ್ತು ಅನುಮಂದ್ರಗಳಿಗೆ ಹಿತ್ತಾಳೆ ಉಳಿಯಿತು. ಆ ಹಿತ್ತಾಳೆಯ ತಂತಿ ದಪ್ಪವಾಗಿದ್ದುದರಿಂದ ಬಾಗಲು ಒಪ್ಪುತ್ತಿರಲಿಲ್ಲ, ಮೀಟಿದಾಗ ಅದರ ಉಪಸ್ವರಗಳು ಮೂಲಸ್ವರಕ್ಕೆ ಸರಿಯಾಗಿ ಹೊಂದದೆ ಸ್ವಲ್ಪ ಏರುತ್ತಿದ್ದುವು, ಮತ್ತು ಗೋಟುವಾದ್ಯದಲ್ಲಿ ಗೋಟು ತಂತಿಯನ್ನು ಹೊತ್ತ ಕುದುರೆಯ ಕಡೆಗೆ ಜಾರಿ ತಂತಿಯ ಉದ್ದ ಕಡಿಮೆಯಾದಷ್ಟೂ ಆ ದೋಷ ಹೆಚ್ಚುತ್ತಿತ್ತು.

ಇದಕ್ಕೆ ಪರಿಹಾರವಾಗಿ ಬಂದುದು ಸುತ್ತು ತಂತಿ: ತೆಳುವಾದ ಉಕ್ಕಿನ ಒಳತಂತಿ ಬಿಗಿಯನ್ನು ಹೊರುತ್ತದೆ, ಅದರ ಮೇಲೆ ಒತ್ತಾಗಿ ಸುತ್ತಿದ ತಾಮ್ರ, ಕಂಚು ಅಥವಾ ನಿಕ್ಕಲ್ ಎಳೆ ತೂಕವನ್ನು ಮಾತ್ರ ಕೂಡಿಸುತ್ತದೆ. ಬೆರಳಿನಿಂದ ನುಡಿಸುವ ವೈಣಿಕರಿಗೆ ಇದು ಬಹುಮಟ್ಟಿಗೆ ಲಾಭವೇ ಆಯಿತು. ಗೋಟು ಹಿಡಿದವರಿಗೆ ಮಾತ್ರ ಒಂದು ಹೊಸ ತೊಡಕು ಎದುರಾಯಿತು. ಉರುಟು ಎಳೆಯ ಸುತ್ತುಗಳ ಮೇಲೆ ಗೋಟು ಜಾರುವಾಗ ಗರಗರ ಸದ್ದು ಏಳುತ್ತದೆ. ಎಳೆಯನ್ನು ಪಟ್ಟಿಯಂತೆ ಚಪ್ಪಟೆ ಮಾಡಿ ಸುತ್ತಿದರೆ ಸದ್ದು ಅಡಗುತ್ತದೆ, ಆದರೆ ನಾದದ ಹೊಳಪೂ ಸ್ವಲ್ಪ ಅಡಗುತ್ತದೆ. ಹವಾಯಿ ಗಿಟಾರಿನವರು ಎದುರಿಸಿದ್ದೂ ಇದೇ ಇಕ್ಕಟ್ಟನ್ನು.

ಮುಖ್ಯವಾದ ಸಂಗತಿಯೆಂದರೆ, ಆ ಗರಗರ ಸದ್ದು ಹಿಂದೆಯೂ ಇದ್ದಿರಲೇಬೇಕು, ಅದನ್ನು ಸಭೆಗೆ ಕೇಳಿಸಿದ್ದು ಮೈಕು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ವಾದಕರ ಚಿಂತೆಯೆಲ್ಲ ಕೊನೆಯ ಸಾಲಿನವರೆಗೆ ನಾದವನ್ನು ಮುಟ್ಟಿಸುವುದೇ ಆಗಿತ್ತು. ತಿರುಮಕೂಡಲು ನರಸೀಪುರದ ಕಡೆಯ ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರನ್ನು ಸೇರಿಸಿ ಏಳು ಮಾಡಿದುದರ ಹಿಂದೆಯೂ ಇದೇ ಹಸಿವು ಇತ್ತು. 1935ರಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಮೇಲೆ ವಾದ್ಯವು ಸಭೆಗಿಂತ ಹೆಚ್ಚಾಗಿ ಮೈಕಿನ ಮುಂದೆ ಪರೀಕ್ಷೆಗೆ ನಿಂತಿತು, ಜೋರಿಗಿಂತ ನಯಕ್ಕೆ ಬೆಲೆ ಬಂದಿತು. ಕಾವೇರಿ ಬಯಲಿನ ಊರುಗಳಿಗೆ ಹವಾಯಿಯನ್ ಗಿಟಾರಿನ ನಾದ ತಲುಪಿದುದು ಕೂಡ ಹೆಚ್ಚಾಗಿ ರೇಡಿಯೋದಿಂದಲೇ. ಸುನಿಲ್ ಗಂಗೂಲಿ, ವ್ಯಾನ್ ಶಿಪ್ಲೆ ಮೊದಲಾದವರು ಸಿನಿಮಾ ಹಾಡುಗಳನ್ನು ಆ ಗಿಟಾರಿನಲ್ಲಿ ನುಡಿಸಿದ ರೆಕಾರ್ಡುಗಳು ಆಗ ಮನೆಮಾತಾಗಿದ್ದುವು.

ಗಣೇಶೋತ್ಸವದ ವಾದ್ಯಗೋಷ್ಠಿಗಳಿಗೆ ವಿದ್ಯುತ್ ಗಿಟಾರು ಬಂದಾಗ ಲೋಹದ ಆಯ್ಕೆಗೆ ಇನ್ನೊಂದು ಕಟ್ಟುಪಾಡು ಸೇರಿತು. ತಂತಿಯ ಕಂಪನವನ್ನು ಅಯಸ್ಕಾಂತದ ಮೂಲಕ ವಿದ್ಯುತ್ತಾಗಿಸುವ ಪಿಕಪ್ ಎಂಬ ಸಾಧನಕ್ಕೆ ಹಿತ್ತಾಳೆ, ಕಂಚುಗಳು ಕಾಣುವುದೇ ಇಲ್ಲವೆನ್ನಬಹುದು. ಅದು ಉಕ್ಕಿಗೆ, ನಿಕ್ಕಲಿಗೆ ಮಾತ್ರ ಓಗೊಡುತ್ತದೆ. ಶುದ್ಧ ನಿಕ್ಕಲ್ ಸುತ್ತಿದ ತಂತಿಯ ನಾದ ಮೃದು, ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನದು ಚುರುಕು ಮತ್ತು ಬಾಳಿಕೆ ಹೆಚ್ಚು. ಕೈ ಬೆವರುವವರಿಗೆ, ನಾಲೆ ನೀರಿನ ಗದ್ದೆಗಳು ಸುತ್ತುವರಿದ ಊರಿನಲ್ಲಿ ವಾದ್ಯವನ್ನು ಇಟ್ಟುಕೊಂಡವರಿಗೆ ಎರಡನೆಯದೇ ಮೇಲು ಎಂಬುದು ಅನುಭವದ ಮಾತು.

ತಂತಿಯನ್ನು ಕೊಳ್ಳುವ ಬಗೆಯೂ ಇದರೊಡನೆ ಬದಲಾಯಿತು. ಹಿಂದೆ ಸಣ್ಣ ಊರುಗಳ ವೀಣೆಯ ಮನೆಗಳಲ್ಲಿ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿಟ್ಟ ತಂತಿಯ ಸುರುಳಿಗಳಿರುತ್ತಿದ್ದುವು, ಮುಗಿದಾಗ ಅರಸೀಕೆರೆ ಕಡೆಯಿಂದ ಬರುವ ರೈಲು ಹಿಡಿದು ಮೈಸೂರಿಗೆ ಹೋಗಿ ನಂಬರು ಹೇಳಿ ತರಬೇಕಾಗುತ್ತಿತ್ತು. ನಂಬರು ಏರಿದಷ್ಟೂ ತಂತಿ ತೆಳುವಾಗುವ ಆ ಲೆಕ್ಕ ತಿಳಿಯದವರು ಬೇಡದ ತಂತಿಯನ್ನೇ ತಂದು ಕೂರುತ್ತಿದ್ದರು. ಈಗ ವೀಣೆಗೂ ಗಿಟಾರಿಗೂ ಅಳತೆ ಗೊತ್ತುಮಾಡಿದ ಪೊಟ್ಟಣಗಳು ಸಿಗುತ್ತವೆ. ಗೋಟುವಾದ್ಯ ನುಡಿಸುವವರ ಸಂಖ್ಯೆ ತೀರ ಕಡಿಮೆಯಾದುದರಿಂದ ಅವರು ವೀಣೆಯ ಪೊಟ್ಟಣದಿಂದ ಒಂದು, ಸಿತಾರಿನದರಿಂದ ಒಂದು, ಗಿಟಾರಿನದರಿಂದ ಇನ್ನೊಂದು ಎಂದು ಆಯ್ದು ತಮ್ಮ ವಾದ್ಯಕ್ಕೆ ಹೊಂದಿಸಿಕೊಳ್ಳುವುದುಂಟು. ಗೋಟು ಕೂಡ ಹಲವರ ಕೈಯಲ್ಲಿ ಮರದಿಂದ ಟೆಫ್ಲಾನಿಗೆ ಬದಲಾಗಿರುವುದರಿಂದ, ಹಿಂದೆ ಒಪ್ಪದಿದ್ದ ಎಷ್ಟೋ ಸುತ್ತು ತಂತಿಗಳನ್ನು ಅವರು ಈಗ ಮತ್ತೆ ಪರೀಕ್ಷಿಸಿ ನೋಡಬೇಕಾಗಿದೆ.