ಲೀಡ್ಸ್‌ನ ಒಂದು ಕೋಣೆ, ಒಂದು ಬಕೆಟ್ಟು

2018ರ ಚಳಿಗಾಲ. ಪುಣೆಯ ಆಫೀಸು ನನ್ನನ್ನು ಆರು ತಿಂಗಳ ಆನ್‌ಸೈಟ್ ಕೆಲಸಕ್ಕೆ ಇಂಗ್ಲೆಂಡಿನ ಲೀಡ್ಸ್‌ಗೆ ಕಳಿಸಿತ್ತು. ಏರ್ ನದಿಯ ಹತ್ತಿರ, ಮೂರನೇ ಮಹಡಿಯಲ್ಲಿ ಒಂದೇ ಕೋಣೆಯ ಮನೆ. ಅಡುಗೆಮನೆ ಎಂದರೆ ಗೋಡೆಗೆ ಅಂಟಿದ ಎರಡು ಒಲೆ, ಒಂದು ಸಿಂಕ್. ಸಂಜೆ ನಾಲ್ಕಕ್ಕೇ ಕತ್ತಲಾಗುತ್ತಿತ್ತು.

ಆಫೀಸಿನ ದಾರಿಯಲ್ಲಿ ಟೆಟ್ಲಿ ಬ್ರೂವರಿಯ ಹಳೆಯ ಕಟ್ಟಡ ಸಿಗುತ್ತಿತ್ತು. 1822ರಲ್ಲಿ ಶುರುವಾದ ಬ್ರೂವರಿ 2011ರಲ್ಲಿ ಮುಚ್ಚಿತು. ಆದರೆ ಊರಿನ ಬಿಯರ್ ಹುಚ್ಚು ಕಡಿಮೆಯಾಗಿರಲಿಲ್ಲ. ಸ್ವಂತಕ್ಕೆ ಮನೆಯಲ್ಲೇ ಬಿಯರ್ ಮಾಡಲು ಅಲ್ಲಿ 1963ರಿಂದ ಲೈಸೆನ್ಸ್ ಬೇಕಿಲ್ಲ. ಸಹೋದ್ಯೋಗಿಯೊಬ್ಬ ತನ್ನ ಹಳೆಯ ಬಕೆಟ್ಟು ಕೊಟ್ಟು, ಮಾಡಿ ನೋಡು ಎಂದ.

ಒಂದು ಶನಿವಾರ ಕೂತೆ. ಒಂದು ಕಿಲೋ ಬಾರ್ಲಿ ಮಾಲ್ಟನ್ನು 66 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿ, ಸೋಸಿ, ಹಾಪ್ಸ್ ಹಾಕಿ ಇನ್ನೊಂದು ಗಂಟೆ ಕುದಿಸಿದೆ. ಕೋಣೆಯ ತುಂಬಾ ಹಬ್ಬಿದ ವಾಸನೆ ತುಮಕೂರಿನ ನಮ್ಮ ಮನೆಯದೇ! ಅಮ್ಮ ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ ಹುರಿಯುತ್ತಿದ್ದಾಗ ಬರುತ್ತಿದ್ದ ವಾಸನೆ. ಬಾರ್ಲಿಗೂ ಮಾಡುವುದು ಅದನ್ನೇ. ಮೊಳಕೆ ಬಂದಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಬಿಸಿನೀರಲ್ಲಿ ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆ ಸಕ್ಕರೆಯನ್ನು ಯೀಸ್ಟ್ ತಿಂದರೆ ಬಿಯರ್.

ಪಾತ್ರೆಯನ್ನು ಸಿಂಕಿನ ತಣ್ಣೀರಲ್ಲಿಟ್ಟು ಆರಿಸಿ, ಬಕೆಟ್ಟಿಗೆ ಸುರಿದು ಯೀಸ್ಟ್ ಹಾಕಿ, ಬಟ್ಟೆಯ ಬೀರುವಿನ ಪಕ್ಕ ಇಟ್ಟೆ. ಮರುದಿನದಿಂದ ಬುಳುಬುಳು ಸದ್ದು. ನಿಜ ಹೇಳಬೇಕೆಂದರೆ ಆ ಕತ್ತಲ ಊರಲ್ಲಿ ಅದೇ ನನಗೆ ಜೊತೆ.

ವಿಡಿಯೋ ಕಾಲಿನಲ್ಲಿ ಅಮ್ಮನ ಕಣ್ಣಿಗೆ ಬಿತ್ತು. "ಅದೇನೋ ಮೂಲೇಲಿ ಬಕೆಟ್ಟು?"

"ರಾಗಿ ಮಾಲ್ಟ್ ತರಹದ್ದಮ್ಮ," ಎಂದೆ.

ದೊಡ್ಡಪ್ಪ ಹೋದದ್ದು ಸಾರಾಯಿಯಿಂದ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಅವಳಿಗೆ ಸುಳ್ಳು ಹೇಳಿದ್ದು ನಾಲ್ಕು ವಾರ ಕೊರೆಯಿತು. ಎರಡು ವಾರ ಬಕೆಟ್ಟಿನಲ್ಲಿ, ಇನ್ನೆರಡು ವಾರ ಬಾಟಲಿಯಲ್ಲಿ. ಕೊನೆಗೆ ಎಂಟು ಬಾಟಲಿ ಬಿಯರ್ ಸಾಲಾಗಿ ನಿಂತಿದ್ದ ದಿನ ಫೋನ್ ಮಾಡಿ ಹೇಳಿಬಿಟ್ಟೆ.

ಅಮ್ಮ ಬೈಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ದೊಡ್ಡಪ್ಪನೂ ರುಚಿ ನೋಡ್ತೀನಿ ಅಂತಲೇ ಶುರು ಮಾಡಿದ್ದು. ಊಟ ಆಯ್ತಾ?" ಎಂದಳು.

ಒಂದು ಬಾಟಲಿ ತೆಗೆದೆ. ಚೆನ್ನಾಗಿಯೇ ಇತ್ತು, ಸುಳ್ಳೇಕೆ. ಉಳಿದ ಏಳನ್ನು ಸಹೋದ್ಯೋಗಿಗೆ ಕೊಟ್ಟೆ.

ಪುಣೆಯಲ್ಲಿ ಲೈಸೆನ್ಸ್ ಇಲ್ಲದೆ ಬಿಯರ್ ಮಾಡುವಂತಿಲ್ಲ, ಆ ಆಸೆಯೂ ಉಳಿದಿಲ್ಲ. ಮಗಳಿಗೆ ರಾಗಿ ಮಾಲ್ಟ್ ಮಾತ್ರ ನಾನೇ ಮಾಡುತ್ತೇನೆ. ಹೋದ ತಿಂಗಳು ಅಮ್ಮ ಬಂದಿದ್ದಳು. ಹುರಿಯುವ ವಾಸನೆಗೆ ಅಡುಗೆಮನೆಗೆ ಬಂದು, ಬಾಣಲೆ ನೋಡಿ, ಆಮೇಲೆ ಮೂಲೆಗಳನ್ನೂ ನೋಡಿದಳು.

"ಬಕೆಟ್ಟು ಎಲ್ಲೋ?"

"ಲೀಡ್ಸಲ್ಲೇ ಬಿಟ್ಟು ಬಂದೆನಮ್ಮ."

"ಉರಿ ಸಣ್ಣ ಮಾಡು, ಸೀಯುತ್ತೆ," ಎಂದು ಸೌಟು ಕೈಗೆ ತೆಗೆದುಕೊಂಡಳು.