ಕೈಗುಣ ಅಲ್ಲ ಸ್ವಾಮಿ, ವಿದ್ಯೆ



ನಮ್ಮ ಚಿಕ್ಕಪ್ಪ ಟಿಂಕರಿಂಗ್ ಕೆಲಸದವರು. ಮೂವತ್ತು ವರ್ಷದಿಂದ ಹಳೇ ಕಾರುಗಳ ತಗಡು ತಟ್ಟುತ್ತಿದ್ದಾರೆ. ಮೊನ್ನೆ ಅವರ ಶೆಡ್ಡಿಗೆ ಒಂದು ಅಂಬಾಸಿಡರ್ ಬಂತು. 2014ರಲ್ಲಿ ಉತ್ತರಪಾರಾ ಕಾರ್ಖಾನೆಯಲ್ಲಿ ತಯಾರಿಕೆ ನಿಂತ ಮೇಲೆ ಉಳಿದ ಗಾಡಿಗಳಿಗೆ ಭಾರೀ ಮರ್ಯಾದೆ. ಇದರ ಡ್ರೈವರ್ ಕಡೆ ಬಾಗಿಲು ಇಳಿದುಬಿಟ್ಟಿತ್ತು. ಎತ್ತಿ ಹಾಕಿದ್ರೇ ಮುಚ್ಚೋದು.

ಮೊದಲು ಬೇರೆಲ್ಲೋ ರಿಪೇರಿ ಆಗಿತ್ತು. ಏನ್ ಮಾಡಿದ್ರು? ಪಿಲ್ಲರಿನ ಲಾಕ್ ಪ್ಲೇಟನ್ನೇ ಕೆಳಕ್ಕೆ ಸರಿಸಿದ್ರು. ಸ್ವಲ್ಪ ದಿನ ಬಾಗಿಲು ಮುಚ್ಚಿತು, ರೋಗ ಹಾಗೇ ಉಳೀತು.

ಚಿಕ್ಕಪ್ಪ ಸ್ಪ್ಯಾನರ್ ಮುಟ್ಟಲಿಲ್ಲ. ಬಾಗಿಲು ಅರ್ಧ ತೆರೆದು, ತುದಿ ಹಿಡಿದು ಎತ್ತಿ ನೋಡಿದರು. ಕಣ್ಣು ಮಾತ್ರ ಕೀಲಿನ ಮೇಲೆ. ಕೀಲಿನ ಎರಡು ಭಾಗದ ನಡುವೆ ಅಲುಗಾಟ ಇದ್ರೆ ಪಿನ್ನು ಸವೆದಿದೆ. ಕೀಲು ಸಮೇತ ಅಲುಗಿದ್ರೆ ಬೋಲ್ಟು ಸಡಿಲ, ಇಲ್ಲಾ ಪಿಲ್ಲರಿಗೆ ತುಕ್ಕು. ಇಲ್ಲಿ ಮೇಲಿನ ಕೀಲಿನ ಪಿನ್ನು ಸವೆದು, ಅದರ ತೂತು ಮೊಟ್ಟೆ ಆಕಾರಕ್ಕೆ ತಿರುಗಿತ್ತು.

ಬಾಗಿಲ ಕೆಳಗೆ ಜಾಕು, ಅದರ ಮೇಲೆ ಮರದ ತುಂಡು, ಬಟ್ಟೆ ಇಟ್ಟರು. ತೂತನ್ನು ದುಂಡಗೆ ಕೊರೆದು, ಲೇತಿನಲ್ಲಿ ಕೊಂಚ ದಪ್ಪದ ಪಿನ್ನು ಮಾಡಿಸಿ ಹಾಕಿದರು. ಕೀಲಿನ ಬೋಲ್ಟು ಸಡಿಲಿಸಿ, ಕೂದಲೆಳೆಯಷ್ಟು ಎತ್ತಿ, ಸುತ್ತಲ ಸಂದು ಸಮ ಬಂದ ಮೇಲೆ ಬಿಗಿದರು. ಲಾಕ್ ಪ್ಲೇಟನ್ನು ಅದರ ಜಾಗಕ್ಕೆ ತಂದದ್ದು ಕಟ್ಟಕಡೆಗೆ. ಎರಡು ಬೆರಳಲ್ಲಿ ತಳ್ಳಿದ್ರೆ ಟಕ್ ಅಂತ ಮುಚ್ಚಿತು.

ಮಾಲೀಕರಿಗೆ ಖುಷಿಯೋ ಖುಷಿ. "ನಿನ್ನ ಕೈಗುಣ ಚೆನ್ನಾಗಿದೆ ಕಣಯ್ಯಾ" ಅಂದರು. ವಯಸ್ಸಲ್ಲಿ ಚಿಕ್ಕಪ್ಪನಿಗಿಂತ ಚಿಕ್ಕವರು. ಮರುಕ್ಷಣವೇ ಚೌಕಾಸಿ: "ಒಂದು ಪಿನ್ನಿಗೆ ಇಷ್ಟಾ?"

ಡಾಕ್ಟರಿಗೂ ಕೈಗುಣ ಇದೆ ಅಂತೀವಿ. ಆದರೆ ಅವರನ್ನು 'ಕಣಯ್ಯಾ' ಅನ್ನಲ್ಲ, ಫೀಸಲ್ಲಿ ಚೌಕಾಸಿ ಮಾಡಲ್ಲ. ಯಾಕಂದ್ರೆ ಅವರದ್ದು ಕಲಿತ ವಿದ್ಯೆ. ನಮ್ಮವರದ್ದು ಮಾತ್ರ ಹುಟ್ಟಿನಿಂದ ಬಂದ ಕೈಗುಣ! ಮೂವತ್ತು ವರ್ಷದ ಕಲಿಕೆಯನ್ನು ಒಂದೇ ಪದದಲ್ಲಿ ಅಳಿಸಿ, ಕೂಲಿ ಕಡಿಮೆ ಮಾಡೋ ಉಪಾಯ ಇದು. ದುಡಿಯುವವರನ್ನೇ ಜಾತಿ ಹೇಗೆ ಮೇಲುಕೀಳಾಗಿ ಪಾಲು ಮಾಡುತ್ತದೆ ಅಂತ ಬಾಬಾಸಾಹೇಬರು 1936ರಲ್ಲೇ ಬರೆದಿಟ್ಟರು. ಆ ಕೀಲು ಇನ್ನೂ ಸವೆದೇ ಇದೆ. ನಾವು ಲಾಕ್ ಪ್ಲೇಟು ಸರಿಸುತ್ತಾ ಕೂತಿದ್ದೇವೆ.

ನಿಮ್ಮ ಕೇರಿಯಲ್ಲೂ ಇಂಥ ವಿದ್ಯಾವಂತರಿದ್ದಾರೆ. ಅವರ ಕೆಲಸ ನೋಡಿ, ಕೇಳಿ ಬರೆದಿಡಿ. ಬಹುವಚನದಲ್ಲಿ ಮಾತಾಡಿಸಿ. ಕೇಳಿದ ಮಜೂರಿ ಕೊಡಿ.

ಜೈ ಭೀಮ್.