ಆನೆ ಹೋಯಿತು, ಇನ್ನೊಂದು ಆನೆ ಬೇಕು

ನಮ್ಮ ಮನೆಯಲ್ಲಿ ಅದಕ್ಕೆ ‘ಆನೆ’ ಅಂತ ಹೆಸರು. ಇಟ್ಟದ್ದು ಮಗಳು, ಏಳನೇ ಕ್ಲಾಸಿನಲ್ಲಿದ್ದಾಗ. ಮೂಗಿಗೆ ಮಾಸ್ಕ್ ಕಟ್ಟಿ, ಅದಕ್ಕೆ ಆರಡಿ ಉದ್ದದ ಪೈಪು ಸಿಕ್ಕಿಸಿಕೊಂಡು ನಾನು ಮಲಗಿದರೆ ಸೊಂಡಿಲು ಇದ್ದ ಹಾಗೆ ಕಾಣುತ್ತದಂತೆ. ಡಾಕ್ಟರರ ಭಾಷೆಯಲ್ಲಿ ಅದು ಸಿಪ್ಯಾಪ್ ಯಂತ್ರ. ಸ್ಲೀಪ್ ಆಪ್ನಿಯಾ ಇರುವವರು ರಾತ್ರಿ ಹಾಕಿಕೊಂಡು ಮಲಗಬೇಕಾದದ್ದು. 2016ರಿಂದ ನನ್ನ ತಲೆದಿಂಬಿನ ಪಕ್ಕದಲ್ಲಿದ್ದ ಈ ಆನೆ 2025ರ ಅಕ್ಟೋಬರಿನಲ್ಲಿ, ಕುದ್ರೋಳಿ ದಸರಾ ಮುಗಿದ ವಾರ, ಕೈಕೊಟ್ಟಿತು.

ಹಾಳಾದರೆ ಹೊಸದು ತಂದರಾಯಿತು, ಫ್ರಿಜ್ಜು ಹೋದರೆ ಇನ್ನೊಂದು ತರುವುದಿಲ್ಲವಾ ಅಂತ ನೀವು ಕೇಳಬಹುದು. ನನಗೂ ಹಾಗೇ ಅನಿಸಿತ್ತು. ಆದರೆ ಆರಿಸಲು ಹೊರಟ ಮೇಲೆ ಗೊತ್ತಾಯಿತು, ಇದು ಅಷ್ಟು ಸುಲಭ ಅಲ್ಲ ಮಾರಾಯ್ರೆ. ಗೊರಕೆ ಅಂದ ಕೂಡಲೇ ನಗು ಬರುವವರು ಈಗಲೇ ನಕ್ಕುಬಿಡಿ, ಆಮೇಲೆ ಓದಿ :-)

ಗೊರಕೆ ಬೇರೆ, ಇದು ಬೇರೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಾಗಿ ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಹತ್ತು ಸೆಕೆಂಡೋ, ಅರ್ಧ ನಿಮಿಷವೋ ಉಸಿರೇ ಇಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಗಾಬರಿಬಿದ್ದು ಎಬ್ಬಿಸುತ್ತದೆ. ತಮಾಷೆ ಏನೆಂದರೆ ಎಚ್ಚರವಾದದ್ದು ನಮಗೆ ಗೊತ್ತೇ ಆಗುವುದಿಲ್ಲ. ಗಂಟೆಗೆ ಎಷ್ಟು ಸಲ ಹೀಗೆ ಉಸಿರು ನಿಲ್ಲುತ್ತದೆ ಅಥವಾ ಅರೆಬರೆಯಾಗುತ್ತದೆ ಅನ್ನುವ ಲೆಕ್ಕಕ್ಕೆ ಎಎಚ್‌ಐ ಅನ್ನುತ್ತಾರೆ. 5ರೊಳಗಿದ್ದರೆ ಸರಿ, 30 ದಾಟಿದರೆ ತೀವ್ರ. 2016ರಲ್ಲಿ ನನ್ನದು 38 ಇತ್ತು. ಅಂದರೆ ಹೆಚ್ಚುಕಡಿಮೆ ಒಂದೂವರೆ ನಿಮಿಷಕ್ಕೊಮ್ಮೆ!

ಹೆಂಗಸರಲ್ಲಿ ಇದು ಬೇಗ ಪತ್ತೆಯಾಗುವುದಿಲ್ಲ. ಗೊರಕೆ ಅನ್ನುವುದು ಗಂಡಸರಿಗೆ ಬರೆದುಕೊಟ್ಟ ಆಸ್ತಿ ಅಂತ ಎಲ್ಲರ ಲೆಕ್ಕ. ಹೆಂಗಸಿಗೆ ಸುಸ್ತು ಅಂದರೆ ರಕ್ತ ಕಡಿಮೆ, ಥೈರಾಯ್ಡು, ಎರಡೂ ಅಲ್ಲವಾದರೆ ‘ಟೆನ್ಶನ್’. ಎರಡು ವರ್ಷ ನಾನೂ ಕಬ್ಬಿಣದ ಮಾತ್ರೆ ನುಂಗಿದ್ದೇನೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ತೊಂದರೆ ಹೆಚ್ಚುತ್ತದೆ ಅನ್ನುವುದು ಎಷ್ಟು ಮನೆಯವರಿಗೆ ಗೊತ್ತುಂಟು ಹೇಳಿ?

ನಾನು ಕೆಲಸ ಮಾಡುವುದು ಪೇಟೆಯ ಒಂದು ಸಹಕಾರಿ ಸಂಘದಲ್ಲಿ. ಬಿಕರ್ನಕಟ್ಟೆಯಿಂದ ಸ್ಕೂಟರಿನಲ್ಲಿ ನಂತೂರು ದಾಟಿ ಹೋಗಬೇಕು. ನಂತೂರು ಸರ್ಕಲ್ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಟ್ಯಾಂಕರು, ಲಾರಿ, ಎಕ್ಸ್‌ಪ್ರೆಸ್ ಬಸ್ಸುಗಳ ನಡುವೆ ಕಾಲೂರಿ ನಿಂತಲ್ಲೇ ಕಣ್ಣು ಮುಚ್ಚಿಹೋದ ದಿನಗಳು 2016ಕ್ಕೆ ಮೊದಲು ನನಗಿದ್ದವು. ಆನೆ ಬಂದ ಮೇಲೆ ಆ ಹೆದರಿಕೆ ಮರೆತೇಹೋಗಿತ್ತು. ಈಗ ಆನೆ ಹೋದ ಮೂರನೇ ದಿನಕ್ಕೆ ಸ್ಕೂಟರಿನ ಕೀ ಇವರ ಕೈಗೆ ಕೊಟ್ಟು ಬಸ್ಸಿನಲ್ಲಿ ಹೋದೆ. ರಾತ್ರಿ ಇವರಿಗೂ ನಿದ್ದೆಯಿಲ್ಲ. “ನೀನು ಉಸಿರು ನಿಲ್ಲಿಸಿದಾಗ ನಾನೂ ಉಸಿರು ಹಿಡ್ಕೊಂಡು ಕಾಯ್ತೇನೆ ಮಾರಾಯ್ತಿ, ನೀನು ಮತ್ತೆ ತಗೊಳ್ಳುವವರೆಗೆ” ಅಂದರು. ಅವರಿಗೆ ಬಿಪಿ ಬೇರೆ ಉಂಟು.

ಯಂತ್ರ ನೋಡಿದ ಹುಡುಗ ಹೇಳಿದ, “ಮೇಡಂ, ಮೋಟರು ಮುಗಿದಿದೆ. ಇದು ಮಾಡಿದ ಕೆಲಸ ಕಡಿಮೆ ಅಲ್ಲ.” ಮನೆಗೆ ಬಂದು ಲೆಕ್ಕ ಹಾಕಿದೆ. ದಿನಕ್ಕೆ ಏಳು ಗಂಟೆ, ಒಂಬತ್ತು ವರ್ಷ. ಬಿಟ್ಟುಹೋದ ರಾತ್ರಿಗಳನ್ನು ಕಳೆದರೂ ಸುಮಾರು 22 ಸಾವಿರ ಗಂಟೆ. ಗಂಟೆಗೆ 40 ಕಿಲೋಮೀಟರು ಓಡುವ ಕಾರಾಗಿದ್ದರೆ ಎಂಟು ಲಕ್ಷ ಕಿಲೋಮೀಟರು ದಾಟುತ್ತಿತ್ತು! ಅಮೆರಿಕದ ಮೆಡಿಕೇರ್‌ನವರು ಇಂಥ ಯಂತ್ರಕ್ಕೆ 5 ವರ್ಷ ಆಯುಸ್ಸು ಅಂತ ಲೆಕ್ಕ ಇಟ್ಟಿದ್ದಾರೆ. ಆ ಲೆಕ್ಕದಲ್ಲಿ ನಮ್ಮ ಆನೆಯದ್ದು ದೀರ್ಘಾಯುಷ್ಯವೇ.

ಅಷ್ಟರಲ್ಲಿ ಸುದ್ದಿ ಶಕ್ತಿನಗರದ ಚಿಕ್ಕಮ್ಮನಿಗೆ ಮುಟ್ಟಿತು. ಚಿಕ್ಕಪ್ಪನಿಗೂ ಇದೇ ಯಂತ್ರ ಇತ್ತು. ಅವರು 2023ರಲ್ಲಿ ತೀರಿಕೊಂಡರು. 2022ರ ಫೆಬ್ರವರಿಯಲ್ಲಿ ಬಪ್ಪಿ ಲಹಿರಿ ಹೋದಾಗ ಟೀವಿಯಲ್ಲಿ ಸ್ಲೀಪ್ ಆಪ್ನಿಯಾ ಹೆಸರು ಬಂದಿತ್ತಲ್ಲ, ಆಮೇಲೆ ಚಿಕ್ಕಮ್ಮ ಚಿಕ್ಕಪ್ಪನನ್ನು ಒಂದು ರಾತ್ರಿಯೂ ಮಾಸ್ಕ್ ಇಲ್ಲದೆ ಮಲಗಲು ಬಿಟ್ಟವರಲ್ಲ. “ಕಪಾಟಿನಲ್ಲಿ ಸುಮ್ಮನೆ ಉಂಟು ಮಗಾ, ನೀನೇ ತಗೊಂಡು ಹೋಗು. ಮಗಳ ಫೀಸು ಕಟ್ಟುವ ಹೊತ್ತಿಗೆ ದುಡ್ಡು ಎಂತಕ್ಕೆ ಹಾಳು ಮಾಡ್ತಿ?” ಅಂದರು. ಬಟ್ಟೆಯಲ್ಲಿ ಸುತ್ತಿ, ಹೊಸದರ ಹಾಗೆ ಇಟ್ಟಿದ್ದರು. ಅವರು ಹೋದ ಮೇಲೆ ಒಂದು ತಿಂಗಳು ಇದರ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ ಅಂತ ಬೇರೆ ಹೇಳಿದರು. ಬೇಡ ಅನ್ನುವುದು ಹೇಗೆ? ಮಗಳಿಗೆ ಇಂಜಿನಿಯರಿಂಗಿನ ಕೊನೇ ವರ್ಷ. ಚಿಕ್ಕಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತೆಗೆದುಕೊಂಡು ಬಂದೆ.

ಆದರೆ ತಲೆಗೆ ಒಂದು ಹುಳ ಹೊಕ್ಕಿತ್ತು. 2021ರ ಜೂನ್ 14ರಂದು ಫಿಲಿಪ್ಸ್ ಕಂಪನಿ ತನ್ನ ಲಕ್ಷಗಟ್ಟಲೆ ಸಿಪ್ಯಾಪ್, ಬೈಪ್ಯಾಪ್ ಯಂತ್ರಗಳನ್ನು ವಾಪಸ್ ಕರೆಸಿಕೊಳ್ಳುತ್ತೇವೆ ಅಂತ ಪ್ರಕಟಿಸಿದ್ದು ನಿಮಗೆ ನೆನಪಿರಬಹುದು. ಸದ್ದು ಕಡಿಮೆಯಾಗಲಿ ಅಂತ ಒಳಗೆ ಪಾಲಿಯುರೆಥೇನ್ ಫೋಮು ಹಾಕಿದ್ದರು. ಅದು ಹಾಳಾಗಿ, ಪುಡಿ ಉಸಿರಿನ ದಾರಿಗೆ ಬರಬಹುದು ಅನ್ನುವುದೇ ಸಮಸ್ಯೆ. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಕೋರ್ಟಿನ ಆದೇಶದಿಂದ ಆ ಕಂಪನಿ ಅಮೆರಿಕದಲ್ಲಿ ಹೊಸ ಯಂತ್ರಗಳನ್ನು ಮಾರುವುದಕ್ಕೂ ತಡೆ ಬಿತ್ತು. ನನ್ನ ಗಮನ ಸೆಳೆದದ್ದು ಅಮೆರಿಕದ ಎಫ್‌ಡಿಎ ಹೇಳಿದ ಒಂದು ಮಾತು. ಓಝೋನ್ ಬಿಟ್ಟು ಯಂತ್ರ ಕ್ಲೀನ್ ಮಾಡುವುದರಿಂದ ಫೋಮು ಬೇಗ ಕೆಡಬಹುದು, ಹೆಚ್ಚಿನ ಸೆಕೆ ಮತ್ತು ತೇವವೂ ಅದಕ್ಕೆ ಕಾರಣವಾಗಬಹುದು. ಸೆಕೆ ಮತ್ತು ತೇವ! ಅಂದರೆ ಮಂಗಳೂರು! ನಮ್ಮಲ್ಲಿ ಚಪ್ಪಲಿಗೇ ಬೂಸ್ಟು ಹಿಡಿಯುತ್ತದೆ, ಇನ್ನು ಇದು ಯಾವ ಲೆಕ್ಕ?

ಚಿಕ್ಕಪ್ಪನ ಯಂತ್ರ ಆ ಕಂಪನಿಯದ್ದಲ್ಲ. ಆದರೂ ತೋರಿಸಿಯೇ ಹಾಕುವ ಅಂತ ಹುಡುಗನ ಹತ್ತಿರ ಕೊಂಡುಹೋದೆ. ಮೆನುವಿನಲ್ಲಿ ಮೋಟರು ಓಡಿದ ಗಂಟೆ ನೋಡಿದ. 15,400. ಅಂದರೆ ದಿನಕ್ಕೆ ಏಳು ಗಂಟೆಯಂತೆ ಆರು ವರ್ಷ ಆಗಿಹೋಗಿದೆ. ಆ ಮಾಡೆಲ್ಲಿನ ನೀರಿನ ಡಬ್ಬಿ ಈಗ ಬರುವುದಿಲ್ಲ. ಪ್ರೆಶರು ಚಿಕ್ಕಪ್ಪನಿಗೆ 14ಕ್ಕೆ ಇಟ್ಟದ್ದು. ನನ್ನದು 9. ಅದನ್ನು ಬದಲಾಯಿಸಬಹುದು, ಆದರೆ ಎಷ್ಟಕ್ಕೆ ಅಂತ ಹೇಳಬೇಕಾದವರು ಡಾಕ್ಟರು, ಹುಡುಗನೂ ಅಲ್ಲ ನಾನೂ ಅಲ್ಲ.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “9 ಅನ್ನುವುದು 2016ರ ಲೆಕ್ಕ ಅಲ್ವಾ? ಆಮೇಲೆ ತೂಕ ಎಷ್ಟು ಏರಿದೆ?” ಏಳು ಕೆಜಿ... ನಡುವೆ ಮುಟ್ಟೂ ನಿಂತಿದೆ. ಕನ್ನಡಕದ ನಂಬರು ಬದಲಾಗುವ ಹಾಗೆ ಇದೂ ಬದಲಾಗುತ್ತದೆ. ಹಳೇ ನಂಬರಿಗೆ ಹೊಸ ಯಂತ್ರ ತೆಗೆದುಕೊಂಡರೆ ಹಳೇ ನಂಬರಿಗೆ ಹೊಸ ಫ್ರೇಮು ಹಾಕಿಸಿದ ಹಾಗೆ. ಎರಡು ವಾರ ಬಾಡಿಗೆಗೆ ಒಂದು ಆಟೋ ಯಂತ್ರ ತೆಗೆದುಕೊಳ್ಳಿ ಅಂದರು. ಆಟೋ ಅಂದರೆ ಒಂದೇ ಪ್ರೆಶರಿನಲ್ಲಿ ಗಾಳಿ ಊದುವುದಲ್ಲ, ಉಸಿರಿನ ದಾರಿ ಮುಚ್ಚತೊಡಗಿದಾಗ ತಾನೇ ಏರಿಸಿ, ಸರಿಯಾದಾಗ ಇಳಿಸುವುದು. ಎರಡು ವಾರದ ನಂತರ ಕಾರ್ಡು ತೆಗೆದು ನೋಡಿದರೆ ಹೆಚ್ಚಿನ ರಾತ್ರಿ ಯಂತ್ರ 11ರವರೆಗೆ ಏರಿತ್ತು. ಎಎಚ್‌ಐ 3. ಅಷ್ಟರಲ್ಲಿ ನಾನು ಸ್ಕೂಟರಿನ ಕೀ ವಾಪಸ್ ಕೇಳಿ ಆಗಿತ್ತು.

ಈ ಬಾಡಿಗೆಯ ಎರಡು ವಾರ ಕಲಿಸಿದ್ದು ಬಹಳ. ಹದಿನಾಲ್ಕರಲ್ಲಿ ಐದು ರಾತ್ರಿ ನಿದ್ದೆ ಕೆಟ್ಟದ್ದು ಯಂತ್ರದಿಂದಲ್ಲ, ಮಾಸ್ಕಿನಿಂದ. ಅವರು ಮೊದಲು ಕೊಟ್ಟದ್ದು ಮೂಗು ಬಾಯಿ ಎರಡನ್ನೂ ಮುಚ್ಚುವಂಥದ್ದು. ಬದಿಯಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಚಿಕ್ಕದಕ್ಕೆ ಬದಲಾಯಿಸಿದ ಮೇಲೆ ನೆಮ್ಮದಿ. ಯಂತ್ರ ಎಂಬತ್ತು ಸಾವಿರದ್ದಾದರೂ ಮಾಸ್ಕು ಸೋರಿದರೆ ಅದು ದುಬಾರಿ ಫ್ಯಾನು ಅಷ್ಟೇ. ಅಂಗಡಿಯಲ್ಲಿ ಕೂತು ಹಾಕಿ ನೋಡಿದರೆ ಸಾಲದು. ಮಲಗಿ, ಮಗ್ಗುಲು ಬದಲಾಯಿಸಿ ನೋಡಬೇಕು. ನಾಚಿಕೆ ಬಿಟ್ಟು ಮಂಚ ಕೇಳಿ!

ಅಂದ ಹಾಗೆ ಈ ಯಂತ್ರದ ಹುಟ್ಟಿನ ಕಥೆ ಓದಿ ನನ್ನ ಗೊಣಗಾಟ ಸ್ವಲ್ಪ ಕಡಿಮೆಯಾಯಿತು. 1980ರಲ್ಲಿ ಸಿಡ್ನಿಯ ಕಾಲಿನ್ ಸುಲ್ಲಿವನ್ ಅನ್ನುವ ಡಾಕ್ಟರು ಇದನ್ನು ಮೊದಲ ರೋಗಿಯ ಮೇಲೆ ಪ್ರಯೋಗ ಮಾಡಿದರು. 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಅದಕ್ಕೆ ಮೊದಲು ಜೋರಾದ ಕೇಸುಗಳಿಗೆ ಇದ್ದ ದಾರಿ ಗಂಟಲಿಗೆ ತೂತು ಕೊರೆಯುವುದು. ಶುರುವಿನ ಯಂತ್ರಗಳಿಗೆ ವ್ಯಾಕ್ಯೂಮ್ ಕ್ಲೀನರಿನ ಮೋಟರು, ಮಾಸ್ಕನ್ನು ಪ್ರತಿ ರಾತ್ರಿ ಮೂಗಿಗೆ ಅಂಟಿಸಬೇಕಿತ್ತಂತೆ. ಆ ಕೆಲಸವೇ ಬೆಳೆದು 1989ರಲ್ಲಿ ಕಂಪನಿಯಾಯಿತು. ಈಗಿನ ರೆಸ್‌ಮೆಡ್ ಅದೇ.

ಇನ್ನು ನಮ್ಮೂರಿನ ಲೆಕ್ಕಗಳು. ಮಳೆಗಾಲದಲ್ಲಿ ನಾನು ನೀರಿನ ಡಬ್ಬಿಯ ಹೀಟರು ಬಂದ್ ಮಾಡಿಯೇ ಇಡುತ್ತೇನೆ, ನಮ್ಮ ಗಾಳಿಯಲ್ಲೇ ಬೇಕಾದಷ್ಟು ನೀರುಂಟು. ಏಪ್ರಿಲ್, ಮೇಯಲ್ಲಿ ಏಸಿ ಹಾಕಿದರೆ ಹೀಟರು ಬೇಕಾಗುತ್ತದೆ. ಆದರೆ ಏಸಿಯ ತಂಪಿಗೆ ಪೈಪಿನೊಳಗೆ ನೀರು ಕಟ್ಟಿ ಮಧ್ಯರಾತ್ರಿ ಮೂಗಿಗೆ ಪಚಕ್ಕನೆ ಬೀಳುತ್ತದೆ. ಪೈಪೇ ಬಿಸಿಯಾಗುವಂಥದ್ದು ಸಿಗುತ್ತದಾ ಅಂತ ಕೇಳಿಡಬೇಕು. ಫಿಲ್ಟರು ನಮ್ಮಲ್ಲಿ ಬಾಕ್ಸಿನ ಮೇಲೆ ಬರೆದಷ್ಟು ದಿನ ಬಾಳುವುದಿಲ್ಲ. ಬಿಕರ್ನಕಟ್ಟೆ–ಸಾಣೂರು ಚತುಷ್ಪಥದ ಕಾಮಗಾರಿ ಶುರುವಾದ ಮೇಲೆ ನಮ್ಮ ಮನೆಯ ಫಿಲ್ಟರಿನ ಬಣ್ಣ ನೀವು ನೋಡಬೇಕಿತ್ತು... ಹಾಗಾಗಿ ಯಂತ್ರದ ರೇಟು ಕೇಳುವಾಗಲೇ ಫಿಲ್ಟರಿನ ರೇಟೂ ಕೇಳಿ.

ಕರೆಂಟಿನದ್ದು ಇನ್ನೊಂದು. ಗುಡುಗು ಬಂದರೆ ಕರೆಂಟು ಹೋಗುತ್ತದೆ, ಇನ್ವರ್ಟರಿನಲ್ಲಿ ರಾತ್ರಿ ಕಳೆಯಬೇಕು. ಹೀಟರು ಬಂದ್ ಮಾಡಿದರೆ ಯಂತ್ರಕ್ಕೆ ಬೇಕಾಗುವ ಕರೆಂಟು ತುಂಬಾ ಕಡಿಮೆ. ರೈಲಿನಲ್ಲಿ ಹೋಗುವವರು ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದುಂಟಾ ನೋಡಿ, ಯಾಕೆಂದರೆ ಬೋಗಿಯ ಪ್ಲಗ್ಗಿನಲ್ಲಿ ಬರುವುದು 110. ಬೆಂಕಿಯ ಭಯಕ್ಕೆ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಪ್ಲಗ್ಗುಗಳನ್ನು ಬಂದ್ ಮಾಡಿಡಬೇಕು ಅಂತ 2021ರಲ್ಲಿ ರೈಲ್ವೆ ಸೂಚನೆ ಬಂದ ಮೇಲೆ ಬೆಂಗಳೂರಿಗೆ ನಾನು ಹಗಲಿನ ಪ್ರಯಾಣವನ್ನೇ ಹಿಡಿದಿದ್ದೇನೆ.

ದುಡ್ಡಿನ ವಿಷಯಕ್ಕೆ ಬರುವ. ವಿಮೆ ಉಂಟಲ್ಲಾ ಅಂತ ಇವರು ಖುಷಿಯಲ್ಲಿದ್ದರು. ಆದರೆ ಇಂಥ ಯಂತ್ರಕ್ಕೆ ವಿಮೆಯವರು ದುಡ್ಡು ಕೊಡಲೇಬೇಕೆಂದಿಲ್ಲ. ಒಂದು ಸಮಾಧಾನ, 2025ರ ಸೆಪ್ಟೆಂಬರ್ 22ರಿಂದ ವೈದ್ಯಕೀಯ ಉಪಕರಣಗಳ ಜಿಎಸ್‌ಟಿ 5 ಪರ್ಸೆಂಟಿಗೆ ಇಳಿದಿತ್ತು. ಬಿಲ್ಲಿನಲ್ಲಿ ಅದನ್ನು ನೋಡಿ ತೆಗೆದುಕೊಳ್ಳಿ. ನನಗೆ ಸಿಕ್ಕಿದ ರೇಟುಗಳು 30 ಸಾವಿರದ ಆಸುಪಾಸಿನಿಂದ 80 ಸಾವಿರ ದಾಟುವವರೆಗೆ ಇದ್ದವು. ಆನ್‌ಲೈನಿನಲ್ಲಿ ಇನ್ನೂ ನಾಲ್ಕೈದು ಸಾವಿರ ಕಡಿಮೆ. ಆದರೆ ಮಾಸ್ಕು ಕಚ್ಚಿದರೆ ಆನ್‌ಲೈನಿನವರು ಬಿಕರ್ನಕಟ್ಟೆಗೆ ಬರುತ್ತಾರಾ?

ಕೊನೆಗೆ ನಾನು ತೆಗೆದುಕೊಂಡದ್ದು ರೆಸ್‌ಮೆಡ್‌ನ ಏರ್‌ಸೆನ್ಸ್ 10 ಆಟೋ. 2014ರಲ್ಲಿ ಬಂದ ಮಾಡೆಲ್ಲು. 2021ರಲ್ಲಿ ಬಂದ 11 ಇದಕ್ಕಿಂತ ಹೊಸತು, ದುಬಾರಿಯೂ ಹೌದು. ನಾನು ನೋಡಿದ್ದು ಮೂರೇ ವಿಷಯ. ಡಾಕ್ಟರು ಹೇಳಿದ ರೇಂಜಿನಲ್ಲಿ ಕೆಲಸ ಮಾಡುತ್ತದಾ, ಬೆಳಿಗ್ಗೆ ಎದ್ದಾಗ ಎಎಚ್‌ಐ ಮತ್ತು ಸೋರಿಕೆ ನನಗೇ ಕಾಣುತ್ತದಾ, ಹಾಳಾದರೆ ಸ್ಕೂಟರಿನಲ್ಲಿ ಹೋಗುವಷ್ಟು ದೂರದಲ್ಲಿ ನೋಡುವವರು ಇದ್ದಾರಾ. ನಿಮ್ಮ ಮೂಗಿಗೆ, ನಿಮ್ಮ ಊರಿಗೆ ಬೇರೆಯದೇ ಸರಿ ಇರಬಹುದು.

ಚಿಕ್ಕಮ್ಮನ ಯಂತ್ರವನ್ನು ವಾಪಸ್ ಕೊಡಲು ಹೋದಾಗ ಕೈಕಾಲು ಆಡುತ್ತಿರಲಿಲ್ಲ. ಇದು ನನಗಾಗುವುದಿಲ್ಲ ಚಿಕ್ಕಮ್ಮ, ಮೋಟರು ಆಗಲೇ ಹದಿನೈದು ಸಾವಿರ ಗಂಟೆ ಓಡಿದೆ ಅಂತೆ ಅಂದೆ. ಬೇಸರ ಮಾಡಿಕೊಳ್ಳುತ್ತಾರೆ ಅಂತ ಕಾದರೆ ಅವರು ಬಟ್ಟೆ ಬಿಚ್ಚಿ ಯಂತ್ರದ ಮೇಲೆ ಕೈಯಿಟ್ಟರು. “ಹದಿನೈದು ಸಾವಿರ ಗಂಟೆ ಅವರಿಗೆ ಉಸಿರು ಕೊಟ್ಟಿದೆಯಲ್ಲಾ, ಸಾಕು. ಇಲ್ಲೇ ಇರಲಿ” ಅಂದರು. ಆಮೇಲೆ ಚಾ ಮಾಡಲು ಒಳಗೆ ಹೋದರು.

ಬಿಲ್ಲು ಆದದ್ದು 62 ಸಾವಿರ. ಮಗಳ ಫೀಸಿಗೆ ಸಂಘದಲ್ಲಿ ಸಣ್ಣ ಸಾಲ ಮಾಡಿದ್ದೇನೆ, ಸುಳ್ಳು ಯಾಕೆ. ಐದು ವರ್ಷ ಬಂದರೆ ರಾತ್ರಿಗೆ 34 ರೂಪಾಯಿ ಬೀಳುತ್ತದೆ. ಕೈಕಂಬದಲ್ಲಿ ಒಂದು ಚಾ, ಒಂದು ಬನ್ಸಿನ ರೇಟು. ಅಷ್ಟಕ್ಕೆ ಮನೆಯಲ್ಲಿ ಇಬ್ಬರು ನಿದ್ದೆ ಮಾಡುತ್ತಿದ್ದೇವೆ.

ನಿಮ್ಮ ಮನೆಯಲ್ಲಿ ಯಾರಾದರೂ, ಅದರಲ್ಲೂ ಹೆಂಗಸರು, ಎಷ್ಟು ಮಲಗಿದರೂ ಸುಸ್ತು ಅನ್ನುತ್ತಿದ್ದರೆ ಒಂದು ರಾತ್ರಿ ಅವರ ಗೊರಕೆಯ ನಡುವಿನ ಮೌನಕ್ಕೆ ಕಿವಿಗೊಡಿ. ಈ ಯಂತ್ರ ಬಳಸುವವರು ನಿಮ್ಮಲ್ಲಿ ಇದ್ದರೆ ಯಾವ ಮಾಸ್ಕು ಹೊಂದಿತು, ನೀರು ಕಟ್ಟುವುದಕ್ಕೆ ಏನು ಮಾಡಿದಿರಿ ಅಂತ ಬರೆಯಿರಿ. ಏಪ್ರಿಲ್ ಬರುವುದರೊಳಗೆ ಗೊತ್ತಾದರೆ ಉಪಕಾರ :-)